ಅತ್ತಿಗೆ ಮೊದಲ ಪಂಕ್ತಿಯಲ್ಲೇ ಕೂತ ಊಟ

ಅತ್ತಿಗೆಗೆ ಅರವತ್ತು ತುಂಬಿದ ಸಂತೋಷಕ್ಕೆ ನಾವೆಲ್ಲ ಸೇರಿ ಇಟಲಿಯ ಟ್ರಿಯೆಸ್ಟೆ ನಗರದ ದುಬಾರಿ ರೆಸ್ಟೋರೆಂಟೊಂದರಲ್ಲಿ ಊಟ ಮಾಡಿದ ಸುದ್ದಿ ಮೂಡಿಗೆರೆ ಕಡೆಯ ನೆಂಟರಿಗೆ ತಲುಪಿದ ಮೇಲೆ ಹಲವರು ಆಡಿದ ಮಾತು ಒಂದೇ: ಆ ದುಡ್ಡಿನಲ್ಲಿ ತೋಟದ ಮನೆಯ ಅಂಗಳಕ್ಕೆ ಶಾಮಿಯಾನ ಹಾಕಿಸಿ ಊರಿಗೆಲ್ಲ ಊಟ ಹಾಕಬಹುದಿತ್ತು. ಲೆಕ್ಕ ಸರಿಯೇ. ಆದರೆ ಊರಿಗೆಲ್ಲ ಊಟ ಹಾಕುವ ಆ ದಿನ ಅತ್ತಿಗೆ ಎಲ್ಲಿರುತ್ತಿದ್ದರು ಎಂದು ಅವರಲ್ಲಿ ಯಾರೂ ಕೇಳಲಿಲ್ಲ. ಯಾರ ಹೆಸರಿನಲ್ಲಿ ಸಂಭ್ರಮ ನಡೆಯುತ್ತದೋ ಅವರೇ ಕೊನೆಗೆ ಉಣ್ಣುವ ನಮ್ಮ ಪದ್ಧತಿಯನ್ನು ನಾನು ಸಣ್ಣಂದಿನಿಂದ ನೋಡುತ್ತ ಬಂದಿದ್ದೇನೆ. ಈ ಬರಹ ಅದರ ಬಗ್ಗೆ, ಮತ್ತು ಆ ಪದ್ಧತಿ ಒಂದು ರಾತ್ರಿಯ ಮಟ್ಟಿಗೆ ಮುರಿದುದರ ಬಗ್ಗೆ.

ನಮ್ಮ ಕಡೆ ಮನೆಯಲ್ಲಿ ಔತಣವೆಂದರೆ ಹಿಂದಿನ ದಿನವೇ ಕಡುಬಿಗೆ ಅಕ್ಕಿತರಿ ಸಿದ್ಧವಾಗಬೇಕು, ಕೋಳಿಸಾರಿನ ಮಸಾಲೆ ಹುರಿದಿಡಬೇಕು, ಚಿಕ್ಕಮ್ಮನಂಥ ಸಸ್ಯಾಹಾರಿಗಳಿಗೆ ಬೇರೆ ಒಲೆ, ಬೇರೆ ಪಾತ್ರೆ ಹೊಂದಿಸಬೇಕು. ಈಚಿನ ವರ್ಷಗಳಲ್ಲಿ ಅಡುಗೆಯವರನ್ನು ಕರೆಸುತ್ತೇವಾದ್ದರಿಂದ ಹೆಂಗಸರಿಗೆ ಕೆಲಸವೇ ಇಲ್ಲ ಎಂದು ಗಂಡಸರು ಹೇಳುವುದುಂಟು. ಅಡುಗೆಯವರು ಬಂದದ್ದರಿಂದ ಒಲೆಯ ಕೆಲಸ ತಪ್ಪಿತೇ ಹೊರತು ಉಪಚಾರದ ಕೆಲಸ ತಪ್ಪಲಿಲ್ಲ. ಪಂಕ್ತಿಯಿಂದ ಪಂಕ್ತಿಗೆ ನಡೆದು, ಯಾರ ಎಲೆಯಲ್ಲಿ ಏನಿಲ್ಲವೆಂದು ನೋಡಿ, ಇನ್ನೊಂದು ಕಡುಬು ಹಾಕಿಸಿಕೊಳ್ಳಿ ಎಂದು ಒತ್ತಾಯ ಮಾಡಿ, ಹೊರಡುವವರಿಗೆ ಎಲೆಯಡಿಕೆ ಕೊಟ್ಟು, ಅತ್ತಿಗೆ ಕೂರುವ ಹೊತ್ತಿಗೆ ಮಧ್ಯಾಹ್ನ ನಾಲ್ಕಾಗಿರುತ್ತದೆ. ಸಾರು ಆರಿರುತ್ತದೆ, ಪಾಯಸ ತಳ ಹಿಡಿದಿರುತ್ತದೆ. ಅಷ್ಟು ಹೊತ್ತಿಗೆ ಹಸಿವೇ ಸತ್ತುಹೋಗಿದೆ ಎಂದು ಅವರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ, ಕೇಳಿ ಸುಮ್ಮನಿದ್ದೇವೆ. ಕಲ್ಯಾಣ ಮಂಟಪಗಳಿಗೆ ಹೋದರೆ ಇನ್ನೊಂದು ಬಗೆಯ ಅವಸರ. ಅಲ್ಲಿ ಎಲೆಗೆ ಉಪ್ಪು ಬೀಳುವ ಮೊದಲೇ ಮುಂದಿನ ಪಂಕ್ತಿಯವರು ನಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ.

ಟ್ರಿಯೆಸ್ಟೆಗೆ ಹೋಗಬೇಕೆಂಬುದು ಕಾಫಿ ಬೆಳೆಯುವ ಅಣ್ಣನ ಆಸೆಯಾಗಿತ್ತು. ಆಡ್ರಿಯಾಟಿಕ್ ಸಮುದ್ರದ ದಂಡೆಯ ಈ ಊರು 1719ರಲ್ಲಿ ಸುಂಕಮುಕ್ತ ಬಂದರಾಯಿತು. ಮೊದಲನೇ ಮಹಾಯುದ್ಧ ಮುಗಿಯುವವರೆಗೆ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದು, ಯುರೋಪಿನ ಕಾಫಿ ವ್ಯಾಪಾರದ ದೊಡ್ಡ ಬಾಗಿಲುಗಳಲ್ಲಿ ಒಂದಾಗಿ ಬೆಳೆಯಿತು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶವೂ ಇಟಲಿಯೇ, ಅದರಲ್ಲೂ ಎಸ್ಪ್ರೆಸ್ಸೊ ಮೇಲೆ ದಪ್ಪ ನೊರೆ ಕಟ್ಟಲೆಂದು ನಮ್ಮ ರೊಬಸ್ಟಾ ಜಾತಿಯ ಕಾಫಿಗೆ ಅಲ್ಲಿ ಬೇಡಿಕೆ. ತಾನು ಮೂಟೆ ಕಟ್ಟಿ ಕಳಿಸಿದ್ದು ಹೋಗಿ ಸೇರುವ ದೇಶವನ್ನು ಒಮ್ಮೆ ನೋಡಬೇಕೆಂದು ಅಣ್ಣ ಬಹಳ ದಿನದಿಂದ ಹೇಳುತ್ತಿದ್ದ. ಕಾಫಿ ಗಿಡ ಹೂ ಬಿಡಿಸುವ ಹೂಮಳೆಯ ಕೆಲಸಗಳು ಮುಗಿದು ಮುಂಗಾರು ಹಿಡಿಯುವುದರೊಳಗೆ ಸಿಗುವ ಬಿಡುವಿನಲ್ಲಿ, ಮೇ ತಿಂಗಳ ಕೊನೆಗೆ, ಹೊರಟೆವು.

ಊಟದ ಏರ್ಪಾಡನ್ನು ಅಣ್ಣನ ಮಗಳು ಊರಿನಿಂದಲೇ ಮಾಡಿದ್ದಳು. ಗುಂಪಾಗಿ ಹೋಗುವವರು ಅಲ್ಲಿ ಕೂತ ಮೇಲೆ ಒಬ್ಬೊಬ್ಬರು ಒಂದೊಂದು ಹೇಳುವುದಕ್ಕಿಂತ ಮೊದಲೇ ಊಟದ ಪಟ್ಟಿಯನ್ನು ಗೊತ್ತುಮಾಡಿಕೊಳ್ಳುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಸಸ್ಯಾಹಾರಿಗಳು ಜೊತೆಗಿದ್ದರಂತೂ ಅದು ಅನಿವಾರ್ಯ. ಬೇರೆಯವರಿಗೂ ಉಪಯೋಗವಾದೀತೆಂದು ಇದನ್ನು ಬಿಡಿಸಿ ಹೇಳುತ್ತೇನೆ. ಯುರೋಪ್ ಒಕ್ಕೂಟದ ನಿಯಮದಂತೆ ಕಡಲೆಕಾಯಿ, ಹಾಲು, ಮೊಟ್ಟೆ, ಮೀನು ಮೊದಲಾದ 14 ಬಗೆಯ ಅಲರ್ಜಿ ಪದಾರ್ಥಗಳಲ್ಲಿ ಯಾವುದು ಯಾವ ಅಡುಗೆಯಲ್ಲಿದೆ ಎಂಬುದನ್ನು 2014ರ ಡಿಸೆಂಬರ್‌ನಿಂದ ಹೋಟೆಲಿನವರು ಗಿರಾಕಿಗೆ ತಿಳಿಸಲೇಬೇಕು. ಆದರೆ ಸಸ್ಯಾಹಾರಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಅನ್ನದ ರಿಸೊಟ್ಟೊ ನೋಡುವುದಕ್ಕೆ ಸಾತ್ವಿಕವಾಗಿದ್ದರೂ ಅದನ್ನು ಮಾಂಸ ಬೇಯಿಸಿದ ನೀರಿನಲ್ಲಿ ಮಾಡಿರಬಹುದು. ಮೇಲೆ ಉದುರಿಸುವ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿಯೇ ಹೆಪ್ಪುಗಟ್ಟಿಸಬೇಕೆಂಬುದು ಅದರ ನಿಯಮ. ಇವೆರಡನ್ನೂ ಮೊದಲೇ ಬರೆದು ತಿಳಿಸಿದ್ದರಿಂದ ಚಿಕ್ಕಮ್ಮನ ತಟ್ಟೆ ಬೇರೆಯಾಗಿಯೇ ಬಂತು, ಮತ್ತು ಅದಕ್ಕಾಗಿ ಯಾರೂ ಅಡುಗೆಮನೆಗೆ ಓಡಬೇಕಾಗಲಿಲ್ಲ.

ಅಡುಗೆಮನೆ ತೆರೆಯುವುದೇ ಸಂಜೆ ಏಳೂವರೆಗೆ. ಆ ಕಾಲದಲ್ಲಿ ಅಲ್ಲಿ ಎಂಟೂವರೆಯಾದರೂ ಬೆಳಕಿರುತ್ತದೆ. ಸಮುದ್ರದ ಕಡೆಗೆ ತೆರೆದ ಕಿಟಕಿಯ ಪಕ್ಕ ಉದ್ದನೆಯ ಒಂದೇ ಮೇಜು ನಮಗಾಗಿ ಕಾದಿತ್ತು. ಮೊದಲ ತಟ್ಟೆಗಳು ಬಂದಾಗ ಅತ್ತಿಗೆ ಅಭ್ಯಾಸಬಲದಿಂದ ಕುರ್ಚಿ ಹಿಂದಕ್ಕೆ ಸರಿಸಿ, ಬಡಿಸುವವನ ಕೈಯಿಂದ ತಟ್ಟೆ ತೆಗೆದುಕೊಂಡು ಚಿಕ್ಕಮ್ಮನ ಮುಂದಿಡಲು ಎದ್ದರು. ಆತ ಬಹಳ ಮರ್ಯಾದೆಯಿಂದ, ಆದರೆ ಸ್ಪಷ್ಟವಾಗಿ, ಕೈಸನ್ನೆಯಲ್ಲೇ ಅವರನ್ನು ಕೂರಿಸಿದ. ಎರಡನೆಯ ಸುತ್ತಿಗೂ ಅವರ ಕೈ ಮೇಜಿನ ಅಂಚಿಗೆ ಹೋಯಿತು, ಏಳಲಿಲ್ಲ. ಮೂರನೆಯ ಸುತ್ತಿನ ಹೊತ್ತಿಗೆ ಬೆನ್ನು ಕುರ್ಚಿಗೆ ಒರಗಿತ್ತು. ಒಳಗೆ ಇಡೀ ಪ್ಲಮ್ ಹಣ್ಣನ್ನಿಟ್ಟು ಆಲೂಗಡ್ಡೆಯ ಹಿಟ್ಟಿನಿಂದ ಮುಚ್ಚಿ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಪುಡಿ, ಸಕ್ಕರೆ, ದಾಲ್ಚಿನ್ನಿ ಉದುರಿಸುವ ಆ ಊರಿನ ನ್ಯೋಕ್ಕಿ ನಮ್ಮ ಹೂರಣದ ಕಡುಬಿನ ದಾಯಾದಿಯಂತಿತ್ತು. ಆಸ್ಟ್ರಿಯಾದವರ ಕಾಲದ ಅಡುಗೆ ಅದು. ಸಿಹಿಯಾದರೂ ಊಟದ ಮೊದಲ ಭಾಗದಲ್ಲೇ ಬಡಿಸುವ ರೂಢಿ. ಅತ್ತಿಗೆ ಅದನ್ನು ಬಿಸಿಬಿಸಿಯಾಗಿ ಪೂರ್ತಿ ತಿಂದರು. ಅವರು ಬಿಸಿ ಊಟ ಮಾಡುವುದನ್ನು ಇಡೀ ಬಳಗ ಕೂತು ನೋಡಿದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಮಾತೂ ಹಾಗೆಯೇ ಬೆಳೆಯಿತು. ಕಳಸದ ಹಾಸ್ಟೆಲಿನಲ್ಲಿದ್ದು ಓದಿದ ದಿನಗಳು, ಬೆಂಗಳೂರಿನಲ್ಲಿ ಸಿಕ್ಕಿದ್ದ ಕೆಲಸವನ್ನು ಮದುವೆಗಾಗಿ ಬಿಟ್ಟದ್ದು, ಇವನ್ನೆಲ್ಲ ಅತ್ತಿಗೆ ಹೇಳುತ್ತ ಹೋದರು. ಅಣ್ಣನಿಗೂ ಇವುಗಳಲ್ಲಿ ಕೆಲವು ಹೊಸ ಸಂಗತಿಗಳೇ ಆಗಿದ್ದವು. ನಮ್ಮ ಮನೆಯ ಔತಣಗಳಲ್ಲಿ ಅವರ ಮಾತೆಂದರೆ ಸಾರು ಬೇಕೇ, ಮಜ್ಜಿಗೆ ಬೇಕೇ ಎಂಬುದಷ್ಟೇ. ಇಟಲಿಯಲ್ಲಿ ಕೇಳುವವರೆಗೆ ಬಿಲ್ಲು ತರುವುದಿಲ್ಲ, ತಂದರೆ ಎದ್ದು ಹೋಗಿ ಎಂದಂತಾಗುತ್ತದೆ ಎಂಬ ಭಾವನೆ ಅಲ್ಲಿಯವರದು. ಹಾಗಾಗಿ ಕಾಫಿ ಮುಗಿದ ಮೇಲೂ ಬಹಳ ಹೊತ್ತು ಕೂತಿದ್ದೆವು. ನಾವು ಕೊಟ್ಟ ದುಡ್ಡಿನ ದೊಡ್ಡ ಪಾಲು ಆ ಪುರುಸೊತ್ತಿಗೇ ಸಂದಿತೆಂದು ನನ್ನ ಲೆಕ್ಕ.

ಎಲ್ಲವೂ ಚೆನ್ನಾಗಿತ್ತೆಂದು ಹೇಳಲಾರೆ. ದೀಪ ಎಷ್ಟು ಮಂದವೆಂದರೆ ಕತ್ತಲಾದ ಮೇಲೆ ಮೊಬೈಲ್ ಬೆಳಕಿನಲ್ಲಿ ಮೀನಿನ ಮುಳ್ಳು ಹುಡುಕಬೇಕಾಯಿತು. ಕುಡಿಯುವ ನೀರಿಗೂ ಬಾಟಲಿಯ ಲೆಕ್ಕದಲ್ಲಿ ದುಡ್ಡು. ಕೂತದ್ದಕ್ಕೆಂದು ತಲೆಗಿಷ್ಟು ಹಾಕುವ ಕೊಪೆರ್ತೊ ಬೇರೆ. ತಟ್ಟೆ ದೊಡ್ಡದು, ಒಳಗಿನ ಪದಾರ್ಥ ಚಿಕ್ಕದು. ಸಕ್ಕರೆ ಕಾಯಿಲೆಯ ಚಿಕ್ಕಮ್ಮನಿಗೆ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವಿನ ಅಂತರ ನಿಜಕ್ಕೂ ಕಷ್ಟವಾಯಿತು. ಬ್ರೆಡ್ಡಿನ ಬುಟ್ಟಿಯನ್ನು ಅವರ ಬಳಿಯೇ ಇರಿಸಿಕೊಂಡಿದ್ದರಿಂದ ನಡೆಯಿತು. ರಾತ್ರಿ ಕೋಣೆಗೆ ಬಂದ ಮೇಲೆ ಚಿಕ್ಕಪ್ಪ ಚಕ್ಕುಲಿ ಡಬ್ಬ ತೆರೆದದ್ದನ್ನೂ ಇಲ್ಲಿ ದಾಖಲಿಸುವುದು ನ್ಯಾಯ.

ನಿಮ್ಮ ಅತ್ತಿಗೆ ಕೂತರು ಸರಿ, ಅಲ್ಲಿ ಬೇರೆ ಯಾರೋ ನಿಂತಿದ್ದರಲ್ಲವೇ ಎಂದು ಒಬ್ಬ ಗೆಳೆಯ ಕೇಳಿದ. ಹೌದು, ನಿಂತಿದ್ದರು. ಆದರೆ ಅವರಿಗೆ ಸಂಬಳವಿದೆ, ಪಾಳಿಯಿದೆ, ವಾರಕ್ಕೊಂದು ದಿನ ರೆಸ್ಟೋರೆಂಟೇ ಬಾಗಿಲು ಮುಚ್ಚುತ್ತದೆ. ಸಂಬಳಕ್ಕೆ ದುಡಿಯುವುದಕ್ಕೂ, ತನ್ನದೇ ಹುಟ್ಟುಹಬ್ಬದ ದಿನ ತಾನೇ ಕೊನೆಗೆ ಉಣ್ಣುವುದನ್ನು ಸಂಸ್ಕಾರವೆಂದು ಹೊಗಳಿಸಿಕೊಳ್ಳುವುದಕ್ಕೂ ಅಜಗಜಾಂತರವಿದೆ.

ಇದಕ್ಕಾಗಿ ಇಟಲಿಗೇ ಹೋಗಬೇಕೆಂದು ನಾನು ಹೇಳುತ್ತಿಲ್ಲ. ದೀಪಾವಳಿ ಕಳೆದ ಮೇಲೆ ನಮ್ಮ ತಮ್ಮನ ಗೃಹಪ್ರವೇಶವಿದೆ. ಮನೆಯ ಹೆಂಗಸರಿಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕಬೇಕು, ಬಡಿಸುವುದು, ಉಪಚರಿಸುವುದು ನಾವು ಅಣ್ಣತಮ್ಮಂದಿರ ಪಾಲಿಗಿರಲಿ ಎಂದು ಹೇಳಿದೆ. ಹಿರಿಯರು ವಿರೋಧಿಸುತ್ತಾರೆಂದು ತಿಳಿದಿತ್ತು. ಆದರೆ ಮೊದಲು ಬೇಡವೆಂದವರು ಅತ್ತಿಗೆಯೇ. "ಅಲ್ಲಿ ನಮ್ಮವರು ಅಂತ ನೋಡೋರು ಯಾರೂ ಇರಲಿಲ್ಲ, ಕೂತೆ. ಇಲ್ಲಿ ನೆಂಟರು ನಿಂತಿರೋವಾಗ ನಾನು ಹೆಂಗೆ ಕೂರ್ಲಿ?" ಎಂದರು. ಅವರ ಸಂಕೋಚ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಬಹಳ ಹೊತ್ತಿನ ವಾದದ ನಂತರ ಎರಡನೆಯ ಪಂಕ್ತಿಗೆ ಎಂಬಲ್ಲಿಗೆ ಬಂದು ನಿಂತಿದ್ದೇವೆ. ಬಡಿಸುವುದಕ್ಕೆ ಅಣ್ಣ ಒಪ್ಪಿದ್ದಾನೆ, ಚಿಕ್ಕಪ್ಪ ಇನ್ನೂ ಒಪ್ಪಿಲ್ಲ.