ಯೂನಿಫಾರ್ಮ್ ಕತ್ತರಿಸಿ ಕಾಗದ ಮಾಡುವವರು

ಮಾಜಿ ಸೈನಿಕರಿಗೆ ನಾವು ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ, ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ತಪ್ಪೇನಿಲ್ಲ. ಆದರೆ ಅವರ ಕೈಗೆ ಒಂದು ಬ್ರಶ್ಶೋ, ಒಂದು ಹಿಡಿ ಜೇಡಿಮಣ್ಣೋ ಕೊಟ್ಟು ಪಕ್ಕದಲ್ಲಿ ಕೂತವರು ಎಷ್ಟು ಜನ?

ಅಮೆರಿಕದಲ್ಲಿ 'ಕಾಂಬ್ಯಾಟ್ ಪೇಪರ್' ಅಂತ ಒಂದು ಕೆಲಸ ನಡೆದಿದೆ. 2007ರಲ್ಲಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ನಿನಲ್ಲಿ ಶುರುವಾಯಿತು. ಶುರು ಮಾಡಿದವರು ಇಬ್ಬರು: ಇರಾಕ್ ಯುದ್ಧಕ್ಕೆ ಹೋಗಿ ಬಂದಿದ್ದ ಡ್ರೂ ಕ್ಯಾಮರಾನ್, ಕೈಯಿಂದ ಕಾಗದ ಮಾಡುವ ಡ್ರೂ ಮಟಾಟ್. ಸೈನಿಕರು ತಾವು ತೊಟ್ಟ ಯೂನಿಫಾರ್ಮನ್ನೇ ತರುತ್ತಾರೆ. ಹೊಲಿಗೆ ಬಿಚ್ಚಿ, ಗುಂಡಿ ಕಿತ್ತು, ಬಟ್ಟೆಯನ್ನು ಅಂಚೆಚೀಟಿಯಷ್ಟು ಸಣ್ಣ ಚೂರು ಮಾಡುತ್ತಾರೆ. ಆ ಚೂರುಗಳು ನೀರಿನ ಜೊತೆ ಹಾಲೆಂಡರ್ ಬೀಟರ್ ಅನ್ನುವ ಯಂತ್ರಕ್ಕೆ ಬೀಳುತ್ತವೆ. ಉದ್ದನೆಯ ತೊಟ್ಟಿ, ಅದರೊಳಗೆ ಅಲಗುಗಳಿರುವ ಒಂದು ಉರುಳೆ ಸುತ್ತುತ್ತಿರುತ್ತದೆ. ಅದು ಜಜ್ಜಿ ಜಜ್ಜಿ ಬಟ್ಟೆಯೆಲ್ಲ ನಾರುನಾರಾಗಿ ಗಂಜಿಯ ಹಾಗೆ ಆಗುತ್ತದೆ. ಜಾಲರಿ ಬಿಗಿದ ಚೌಕಟ್ಟನ್ನು ಅದರಲ್ಲಿ ಅದ್ದಿ ಮಟ್ಟಸವಾಗಿ ಎತ್ತಿದರೆ, ನೀರು ಸೋರಿ ತೆಳುವಾದ ಪದರ ಉಳಿಯುತ್ತದೆ. ಒತ್ತಿ ಒಣಗಿಸಿದರೆ ಕಾಗದ. ಅದರ ಮೇಲೆ ಅವರೇ ಬರೆಯುತ್ತಾರೆ, ಚಿತ್ರ ಅಚ್ಚು ಹಾಕುತ್ತಾರೆ.

ನನಗೆ ಇದರಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಕತ್ತರಿ ಹಿಡಿದು ಕೂರುವ ಆ ಹೊತ್ತು. ಕಣ್ಣು ಬಟ್ಟೆಯ ಮೇಲೆ, ಕೈಗೆ ಕೆಲಸ, ಮೇಜಿನ ಸುತ್ತ ಅಂಥದ್ದೇ ಬಟ್ಟೆ ತೊಟ್ಟಿದ್ದವರು. ಯಾರೂ ಎದುರಿಗೆ ಕೂತು 'ಅಲ್ಲಿ ಏನಾಯ್ತು ಹೇಳಿ' ಅಂತ ಕೆದಕಬೇಕಾಗಿಲ್ಲ. ಮಾತು ಬಂದರೆ ಬಂತು, ಇಲ್ಲದಿದ್ದರೆ ಸುಮ್ನೆ ಕತ್ತರಿಸುತ್ತಾ ಇರಬಹುದು.

ನಮ್ಮ ದೊಡ್ಡಪ್ಪ ಮಿಲ್ಟ್ರಿಯಲ್ಲಿದ್ದವರು. ಮೆಸ್ಸಿನ ಊಟ, ರೈಲು ಪ್ರಯಾಣ, ಚಳಿ, ಇವೆಲ್ಲ ಎಷ್ಟು ಬೇಕಾದರೂ ಹೇಳುತ್ತಾರೆ. ಮದುವೆ ಮನೆಯಲ್ಲಿ ಹುಡುಗರು 'ಎಷ್ಟು ಜನರನ್ನ ಹೊಡೆದಿದೀರಿ ದೊಡ್ಡಪ್ಪ?' ಅಂತ ಕೇಳಿದರೆ ಮಾತ್ರ ಎದ್ದು ಹೊರಗೆ ಹೋಗಿಬಿಡುತ್ತಾರೆ. ಅಂಥ ಪ್ರಶ್ನೆಗೆ ಯಾರು ತಾನೇ ಉತ್ತರ ಕೊಡುತ್ತಾರೆ?

ಬಾಯಲ್ಲಿ ಬರದಿದ್ದು ಕೈಯಲ್ಲಿ ಬರಬಹುದು. ಅಮೆರಿಕದ್ದೇ ಬೆಥೆಸ್ಡಾ ಅನ್ನುವ ಊರಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಆವರಣದಲ್ಲಿ, ಮಿದುಳಿಗೆ ಪೆಟ್ಟಾದ, ಯುದ್ಧದ ಆಘಾತದಿಂದ ನರಳುವ ಸೈನಿಕರಿಗಾಗಿಯೇ ಒಂದು ಕೇಂದ್ರವಿದೆ. ಅಲ್ಲಿ ಅವರಿಗೆ ಖಾಲಿ ಮುಖವಾಡ ಕೊಡುತ್ತಾರೆ, ಬೇಕಾದ ಹಾಗೆ ಬಣ್ಣ ಬಳಿಯಲಿ ಅಂತ. ಒಬ್ಬರು ಮುಖವಾಡದ ಬಾಯಿ ಹೊಲಿದುಬಿಟ್ಟಿದ್ದಾರೆ. ಇನ್ನೊಬ್ಬರದು ಅರ್ಧ ಮುಖ ಬಾವುಟ, ಅರ್ಧ ತಲೆಬುರುಡೆ. ಮೊದಮೊದಲು 'ಇದೇನು ಮಕ್ಕಳಾಟ' ಅಂದುಕೊಳ್ಳುವವರೂ ಇರುತ್ತಾರೆ, ಸಹಜವೇ. ಆದರೆ ಅಂಥ ಮುಖವಾಡ ಮನೆಯವರ ಎದುರು ಇಟ್ಟರೆ, ವರ್ಷಗಟ್ಟಲೆ ಹೇಳಲಾಗದ್ದನ್ನು ಅವರು ಅರೆಗಳಿಗೆಯಲ್ಲಿ ನೋಡಬಹುದು ಅಲ್ವಾ? ಹಾಗಂತ ಡಾಕ್ಟರೂ ಬೇಡ, ಮಾತ್ರೆಯೂ ಬೇಡ ಅಂತ ನಾನು ಹೇಳುತ್ತಿಲ್ಲ. ಅವು ಬೇಕೇ ಬೇಕು. ಇದು ಅವುಗಳ ಜೊತೆಗೆ.

ನಮ್ಮ ದೇಶದಲ್ಲೂ ಪುಣೆಯ ಖಡ್ಕಿಯಲ್ಲಿ, ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದ ಸೈನಿಕರ ಪುನರ್ವಸತಿ ಕೇಂದ್ರವಿದೆ. ಅಲ್ಲಿ ಕೈ ಆಡದವರು ಬಾಯಲ್ಲಿ ಬ್ರಶ್ ಕಚ್ಚಿ ಚಿತ್ರ ಬರೆದಿದ್ದಾರೆ. ಆದರೆ ಕೈಕಾಲು ನೆಟ್ಟಗಿದ್ದು, ರಾತ್ರಿ ನಿದ್ದೆ ಮಾತ್ರ ಬಾರದವರ ಗಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಕೊಡಗು, ಬೆಳಗಾವಿ, ಧಾರವಾಡ ಕಡೆ ಊರೂರಿನಲ್ಲೂ ಮಾಜಿ ಸೈನಿಕರಿದ್ದಾರೆ. ಮಿಲ್ಟ್ರಿ ಕ್ಯಾಂಟೀನಿಗೋ ಪೆನ್ಷನ್ ವಿಚಾರಕ್ಕೋ ಒಂದೆಡೆ ಸೇರುತ್ತಾರೆ, ಮತ್ತೆ ಅವರವರ ಮನೆಗೆ ಹೋಗುತ್ತಾರೆ.

ನಮ್ಮಲ್ಲಿ ಕೈಕೆಲಸಕ್ಕೇನು ಕಮ್ಮಿಯೇ? ಕಿನ್ನಾಳದ ಬೊಂಬೆ ಮಾಡುವವರಿದ್ದಾರೆ, ಚನ್ನಪಟ್ಟಣದ ಅರಗಿನ ಕೆಲಸದವರಿದ್ದಾರೆ, ಪ್ರತಿ ಊರಿನಲ್ಲೂ ಒಬ್ಬ ಡ್ರಾಯಿಂಗ್ ಮೇಷ್ಟ್ರು ಸಿಗುತ್ತಾರೆ. ಮಾಜಿ ಸೈನಿಕರ ಸಂಘದವರು ವಾರಕ್ಕೊಂದು ಮಧ್ಯಾಹ್ನ ತಮ್ಮ ಹಾಲ್ ತೆರೆದಿಟ್ಟು ಅಂಥ ಒಬ್ಬರನ್ನು ಕರೆಸಲಿ. ಪ್ರದರ್ಶನ ಬೇಡ, ಬಹುಮಾನ ಬೇಡ, ಮುಖ್ಯ ಅತಿಥಿಯಂತೂ ಬೇಡವೇ ಬೇಡ. ನಿಮ್ಮ ಊರಿನ ಸಂಘದವರು ಯಾರಾದರೂ ಪರಿಚಯವಿದ್ದರೆ ಈ ವಿಷಯ ಅವರ ಕಿವಿಗೆ ಹಾಕಿ. ಬಣ್ಣ, ಕಾಗದದ ಖರ್ಚಿಗೆ ನನ್ನ ಕೈಲಾದ್ದು ನಾನು ಕೊಡುತ್ತೇನೆ.