ಕೆಜಿಎಫ್‌ನ ಲೈನ್ ಮನೆಗಳೂ ಉಳಿಯಬೇಕು

ಹೋದ ಭಾನುವಾರ ಕೆ.ಆರ್. ಪುರದಲ್ಲಿ ಮಾರಿಕುಪ್ಪಂ ರೈಲು ಹತ್ತಿದೆ. ಜೊತೆಗೆ ಆಫೀಸಿನ ಗೆಳೆಯ. ಕೆಜಿಎಫ್‌ನವನು, ದಿನಾ ಬೆಂಗಳೂರಿಗೆ ರೈಲಲ್ಲೇ ಬಂದು ಹೋಗುತ್ತಾನೆ. ಬಂಗಾರಪೇಟೆ ದಾಟಿದರೆ ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. 1894ರಲ್ಲಿ ಕೋಲಾರದ ಚಿನ್ನದ ಗಣಿಗಾಗಿ ಹಾಕಿದ ಹಳಿ ಇದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ರೈಲು ಮಾತ್ರ ಓಡುತ್ತಲೇ ಇದೆ.

ಬೆಂಗಳೂರಿನವರಿಗೆ ಈ ಊರಿನ ಋಣ ಜಾಸ್ತಿ. ಶಿವನಸಮುದ್ರದ ಕರೆಂಟು 1902ರಲ್ಲೇ ಅಲ್ಲಿಗೆ ಹೋಯಿತು, ನಮ್ಮ ಬೀದಿಗಳಿಗೆ ಬಂದದ್ದು 1905ರಲ್ಲಿ. ನಾವು ದಿನಾ ಓಡಾಡುವ ಲ್ಯಾವೆಲ್ ರಸ್ತೆಯ ಹೆಸರು ಕೂಡ ಕೋಲಾರದಲ್ಲಿ ಚಿನ್ನ ಹುಡುಕಿದ ಮೈಕೆಲ್ ಲ್ಯಾವೆಲ್ ಅವರದೇ.

ಕೆಜಿಎಫ್ ಉಳಿಸಬೇಕು ಅಂದರೆ ಎಲ್ಲರೂ ಬ್ರಿಟಿಷರ ಬಂಗಲೆ, ಕ್ಲಬ್ಬು ಅನ್ನುತ್ತಾರೆ. ಅವೂ ಉಳಿಯಲಿ. ಆದರೆ ಗೆಳೆಯ ನನ್ನನ್ನು ಕರೆದುಕೊಂಡು ಹೋದದ್ದು ತಾನು ಹುಟ್ಟಿದ ಲೈನ್ ಮನೆಗೆ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗೆ. ಒಂದೇ ಕೋಣೆ, ಮೂಲೆಯಲ್ಲಿ ಒಲೆ. ಅವನ ಅಪ್ಪ ಚಾಂಪಿಯನ್ ರೀಫ್‌ನಲ್ಲಿ ಕೆಲಸಕ್ಕಿದ್ದರು. ಆ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಒಳಗೆ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳು ಅಲುಗುತ್ತಿದ್ದವಂತೆ. ಅಷ್ಟಾದರೆ ಸಾಕು, ಅಮ್ಮ ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ಶಾಫ್ಟ್ ಕಡೆ, ಅಂದರೆ ಗಣಿಗೆ ಇಳಿಯುವ ಬಾವಿಯ ಕಡೆ, ಓಡುತ್ತಿದ್ದರಂತೆ. ಓಣಿಯ ಹೆಂಗಸರೆಲ್ಲ ಓಡುತ್ತಿದ್ದರು. ಆ ಮನೆಯ ಬಾಗಿಲಿನಿಂದ ಶಾಫ್ಟಿನ ಹೆಡ್ ಗೇರ್, ಅಂದರೆ ಬಾವಿಯ ಬಾಯಿಯ ಮೇಲಿನ ಕಬ್ಬಿಣದ ಗೋಪುರ, ನೇರವಾಗಿ ಕಾಣುತ್ತದೆ. ಮನೆ ಕೆಡವಿ ಹೆಡ್ ಗೇರ್ ಒಂದನ್ನೇ ಉಳಿಸಿದರೆ ಅದು ಸುಮ್ನೆ ಕಬ್ಬಿಣದ ಕಂಬ ಆಗುತ್ತದೆ, ಅಲ್ವಾ?

ಅದಕ್ಕೇ ಕೇಳುತ್ತಿದ್ದೇನೆ. ಒಂದು ಹೆಡ್ ಗೇರ್, ಕೇಜನ್ನು (ಜನರನ್ನು ಗಣಿಗೆ ಇಳಿಸುವ ಪಂಜರದಂಥ ಲಿಫ್ಟ್) ಏರಿಸಿ ಇಳಿಸುವ ಅದರ ವೈಂಡಿಂಗ್ ಎಂಜಿನ್ ಮನೆ, ಪಕ್ಕದ ಒಂದು ಲೈನು, ಹತ್ತಿರದ ನಿಲ್ದಾಣ, ಇಷ್ಟನ್ನು ಒಟ್ಟಿಗೆ ಉಳಿಸಿ. ಆ ಲೈನಿನಲ್ಲಿ ಈಗ ಇರುವವರನ್ನು ಒಕ್ಕಲೆಬ್ಬಿಸದೆ ಮಾಡಿ. ಇದು ಆಗದ ಕೆಲಸ ಅಲ್ಲ. ಯಲಹಂಕ–ಚಿಕ್ಕಬಳ್ಳಾಪುರ ಹಳಿಯ ಮೇಲೆ ದೊಡ್ಡಜಾಲ, ನಂದಿ ಹಾಲ್ಟ್ ತರಹದ ಹಳೇ ನಿಲ್ದಾಣಗಳನ್ನು ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನವರು ದುರಸ್ತಿ ಮಾಡಿದ್ದಾರೆ. ಹೋಗಿ ನೋಡಿ.

ಕೇಜ್ ಇಳಿಸಿದವರು, ವೈಂಡಿಂಗ್ ಎಂಜಿನ್ ನಡೆಸಿದವರು ಇನ್ನೂ ಆ ಓಣಿಗಳಲ್ಲಿದ್ದಾರೆ. ಸಂಕೇತದ ಗಂಟೆ ಎಷ್ಟು ಸಲ ಬಾರಿಸಿದರೆ ಕೇಜ್ ಮೇಲೆ, ಎಷ್ಟಕ್ಕೆ ಕೆಳಗೆ ಅಂತ ಅವರಿಗೆ ಬಾಯಿಪಾಠ. ಅದನ್ನೆಲ್ಲ ಕೇಳಿ ಬರೆದಿಡಲು ಮುಂದಿನ ತಿಂಗಳು ಮತ್ತೆ ಹೋಗುತ್ತಿದ್ದೇನೆ. ಅಲ್ಲಿ ಹೆಚ್ಚಿನವರ ಮಾತು ತಮಿಳು. ಅದು ಚೆನ್ನಾಗಿ ಬರುವವರು ಯಾರಾದರೂ ಜೊತೆಗೆ ಬರುತ್ತೀರಾ?