ಸ್ಟಿಕ್ಕರ್ ಅಂಟಿಸ್ಕೊಳ್ಳಿ ಅಂದಿದ್ದು ಯಾರು ಹಾಗಾದ್ರೆ?

ಬಾಡಿಗೆ ಮನೆ ಖಾಲಿ ಮಾಡೋ ದಿನ ಓನರ್ ಆಂಟಿ, ಸ್ಟಿಕ್ಕರ್ ಕಿತ್ತ ಅಡುಗೆಮನೆ ಗೋಡೇನ ಬೀಗದಕೈಯಿಂದ ಕೆರೆದು ತೋರಿಸ್ತಾರ್ರೀ! ಲಾರಿಗೆ ಸಾಮಾನು ಏರಿಸೋ ಹುಡುಗರು ನಿಂತು ನೋಡ್ತಿರುವಾಗಲೇ. ಉದುರಿದ ಪುಟ್ಟೀನ (ಬಣ್ಣದ ಕೆಳಗೆ ಬಳಿಯೋ ಬಿಳಿ ಗಾರೆ) ಅಂಗೈಗೆ ಹಾಕ್ಕೊಂಡು ನನ್ನ ಮುಖದ ಹತ್ರ ಹಿಡಿದು, "ಏನಮ್ಮಾ, ಓದಿದೋರು ನೀವು, ಇಷ್ಟೂ ಗೊತ್ತಾಗಲ್ವಾ?" ಅಂತೆ. "ಓದಿದೋರು" ಅಂದಾಗ ಒಬ್ಬ ಕಿಸಕ್ಕಂದ. ಆ ಕಿಸಕ್ ಇನ್ನೂ ಕಿವೀಲಿದೆ.

ಗೋಡೆಗೆ ಎಣ್ಣೆ ಸಿಡಿಯದ ಹಾಗೆ ಫಾಯಿಲ್ ಸ್ಟಿಕ್ಕರ್ ಅಂಟಿಸೋ ಐಡಿಯಾ ಆಂಟಿದೇ! ಒಲೆ ಹಿಂದೆ ಟೈಲ್ಸ್ ಒಂದೇ ಅಡಿ, ಮೇಲೆಲ್ಲ ಪ್ರೈಮರ್ (ಬಣ್ಣ ಹಿಡಿಯೋಕೆ ಮೊದಲು ಹೊಡೆಯೋ ಅಡಿಕೋಟ್) ಕಾಣದ ಡಿಸ್ಟೆಂಪರ್ ಬಣ್ಣ, ಕೈ ಸವರಿದ್ರೆ ಪೌಡರ್. ಮೊಳೆ ಹೊಡೀಬಾರದು, ಎಣ್ಣೆ ಕಲೆ ಆಗಬಾರದು. ಸಾಸಿವೆ ಏನು ಓನರ್ ಪರ್ಮಿಷನ್ ತಗೊಂಡು ಸಿಡಿಯುತ್ತಾ?

ಇಂಥ ಗೋಡೆಗೆ ಸೆಲ್ಲೋಟೇಪ್ ಒತ್ತಿ ಕಿತ್ತು ನೋಡಿ. ಟೇಪಿಗೆ ಪುಡಿ ಬಂತಾ, ಅಲ್ಲಿಗೆ ಯಾವ ಅಂಟೂ ಬೇಡ. ಫಾಯಿಲ್ ಸ್ಟಿಕ್ಕರ್ ಬಣ್ಣಾನ ಗಟ್ಟಿಯಾಗೇ ಹಿಡ್ಕೊಳ್ಳುತ್ತೆ, ಬಣ್ಣ ಗೋಡೇನ ಹಿಡ್ಕೊಂಡಿರಲ್ಲ. ಮೇಲಂಚಿಂದ ಕುಕ್ಕರ್ ಹಬೆ ನುಗ್ಗಿದ್ರಂತೂ ಪುಟ್ಟಿ ಸಮೇತ ಬರುತ್ತೆ. ನಾನು ಕಿತ್ತಾಗ ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ, ಗೋಡೆಗೆ ಒರಗಿಸಿದ ಹಾಗೆ ಹಿಂದಕ್ಕೆ ಮಡಚಿ ನಿಧಾನಕ್ಕೆ ಎಳೆದದ್ದು. ಆದ್ರೂ ಬಂತು. ಪ್ರೈಮರ್ ಇದ್ದಿದ್ರೆ ಇಷ್ಟು ಬರ್ತಿರಲಿಲ್ಲ ಅಂದ್ರೆ ಆಂಟಿ ಕಿವಿಗೇ ಹಾಕ್ಕೊಳ್ಳಲ್ಲ.

ಹೋಗ್ಲಿ ಬಿಡಿ. ಬಾಡಿಗೆ ಮನೇಲಿರೋರು ಅಂಟಿಸೋ ಗೋಜಿಗೇ ಹೋಗಬೇಡಿ. ಫ್ಯಾಬ್ರಿಕೇಷನ್ ಅಂಗಡೀಲಿ 22 ಗೇಜ್ (ಸುಮಾರು ಮುಕ್ಕಾಲು ಮಿಲಿಮೀಟರ್ ದಪ್ಪ) ಸ್ಟೀಲ್ ಶೀಟು, 3 ಅಡಿ ಅಗಲ, 2 ಅಡಿ ಎತ್ತರ. ಕೆಳಗೆ 3 ಇಂಚು ಹೆಚ್ಚಿಗೆ ಬಿಡಿಸಿ ಎಲ್ ಆಕಾರಕ್ಕೆ ಬಗ್ಗಿಸಿಕೊಂಡು ಬನ್ನಿ. ಆ ಬಗ್ಗಿಸಿದ ಭಾಗದ ಮೇಲೆ ಸ್ಟೌವಿನ ಹಿಂದಿನ ಎರಡು ಕಾಲು ಕೂರಬೇಕು, ಸ್ಟೌವಿನ ಭಾರಕ್ಕೇ ಶೀಟು ನಿಲ್ಲುತ್ತೆ. ಮೇಲಿನ ಮೂಲೆಗಳ ಹಿಂಬದಿಗೆ ರಬ್ಬರ್ ಬುಷ್, ಗೋಡೆಗೆ ಗೀರು ಬೀಳಲ್ಲ. ಅಂಚೆಲ್ಲ ಮಡಚಿಸಲೇಬೇಕು. ಮಡಚದ ಅಂಚಿಗೆ ಗ್ಯಾಸ್ ಪೈಪ್ ತಾಗಿದ್ರೆ ಕುಯ್ದು ಹಾಕುತ್ತೆ, ಅದು ತಮಾಷೆಯಲ್ಲ. ಅಗ್ಗ ಅಂತ ಪಿವಿಸಿ ಶೀಟು, ಎಸಿಪಿ ಶೀಟು (ಅಂಗಡಿ ಬೋರ್ಡಿಗೆ ಹಾಕೋ ಅಲ್ಯೂಮಿನಿಯಂ ಹಾಳೆ) ತರಬೇಡಿ. ಪಿವಿಸಿ ಬರ್ನರ್ ಕಾವಿಗೆ ಸೊಟ್ಟಗಾಗುತ್ತೆ, ಎಸಿಪಿ ಒಳಗೆ ಇರೋದೂ ಪ್ಲಾಸ್ಟಿಕ್ಕೇ. ಮನೆ ಬಿಡುವಾಗ ಸ್ಟೌ ಎತ್ತಿ, ಶೀಟು ಕಂಕುಳಲ್ಲಿ ಇಟ್ಕೊಂಡು ನಡೀರಿ.

ನೋಡಿ, ಇಲ್ಲಿ ಉಪದೇಶ ಎಷ್ಟು ಸಲೀಸು. ಆಂಟಿ ಎದುರು "ಸರಿ ಆಂಟಿ" ಬಿಟ್ಟು ಬಾಯಿಂದ ಇನ್ನೊಂದು ಮಾತು ಹೊರಟಿಲ್ಲ. ಮಹಾ ಓದಿದೋರು!

ಹೋಗ್ಲಿ ಬಿಡಿ ಅಂದೆನಾ? ಯಾಕ್ರೀ ಬಿಡಬೇಕು? ಕಿತ್ತಿರೋದು ಹೆಚ್ಚಂದ್ರೆ 8 ಚದರಡಿ. ಒಂದು ಕೇಜಿ ಪುಟ್ಟಿ ಎರಡು ಕೋಟಿಂಗ್‌ಗೂ ಸಾಕು. ಒಣಗಿದ ಮೇಲೆ 180 ನಂಬರ್ ಎಮರಿ ಪೇಪರ್ ತಿಕ್ಕಿ, ಪ್ರೈಮರ್ ಹೊಡೆದು ಬಣ್ಣ ಹಚ್ಚಿದ್ರೆ ಮುಗೀತು. ಅದಕ್ಕೆ ಇಡೀ ಅಡುಗೆಮನೆ ಲೆಕ್ಕ ಹಾಕಿ ಅಡ್ವಾನ್ಸಲ್ಲಿ ಮುರ್ಕೊಂಡಿದ್ದಾರೆ. ಅಗ್ರಿಮೆಂಟಲ್ಲಿ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋದು ಬೇರೆ ಇದ್ದೇ ಇದೆ. ಅದನ್ನೂ ಹಿಡ್ಕೊಂಡು ಇದನ್ನೂ ಹಿಡ್ಕೊಂಡ್ರೆ ಒಂದೇ ಗೋಡೆಗೆ ಎರಡೆರಡು ಸಲ ಬಣ್ಣ ಹೊಡೆಸ್ತಾರಾ? ಮನೆ ಓನರ್‌ಗಳು ಯಾರಾದ್ರೂ ಇದ್ರೆ ಉತ್ತರ ಕೊಡಿ.